ಹೊಟ್ಟೆಗೆ ಇಪ್ಪತ್ತು ನಿಮಿಷ

ಬೆಳಗಿನ ಜಾವ ನಾಲ್ಕೂವರೆ. ಬಸ್ ಡಿಪೋದ ಅಂಗಳದಲ್ಲಿ ಸಾಲುಗಟ್ಟಿ ನಿಂತ ಬಸ್ಸುಗಳ ಗಾಜಿನ ಮೇಲೆ ಇಬ್ಬನಿ ಹಾಗೇ ಇದೆ. ಗೇಟಿನ ಪಕ್ಕದ ಪುಟ್ಟ ಕೋಣೆಯಲ್ಲಿ ಮಾತ್ರ ಟ್ಯೂಬ್‌ಲೈಟು ಉರಿಯುತ್ತಿದೆ. ಕಿಟಕಿಯ ಹಿಂದೆ ಮಫ್ಲರು ಸುತ್ತಿಕೊಂಡು, ಕಿವಿಗೆ ಪೆನ್ಸಿಲ್ಲು ಸಿಕ್ಕಿಸಿಕೊಂಡು ಕೂತಿರುವ ಐವತ್ತೊಂಬತ್ತರ ಈ ಮನುಷ್ಯ ಡಿಪೋದ ಡ್ಯೂಟಿ ಗುಮಾಸ್ತ. ಯಾವ ಡ್ರೈವರಿಗೆ ಯಾವ ಬಸ್ಸು, ಎಷ್ಟು ಗಂಟೆಗೆ ಹೊರಡಬೇಕು, ಎಲ್ಲಿ ಊಟಕ್ಕೆ ನಿಲ್ಲಬೇಕು ಎಂದು ಚಾರ್ಟು ಬರೆಯುವವರು, ಬೆಳಗ್ಗೆ ಡ್ಯೂಟಿ ಚೀಟಿ ಹಂಚುವವರು ಇವರೇ. ಕಿಟಕಿಗೆ ಬಂದವರಿಗೆ ಇವರು ನಮಸ್ಕಾರ ಗಿಮಸ್ಕಾರ ಏನೂ ಹೇಳುವುದಿಲ್ಲ. ಕನ್ನಡಕದ ಮೇಲಿಂದ ನೋಡಿ ಒಂದೇ ಮಾತು ಕೇಳುತ್ತಾರೆ.

"ಆಯ್ತಾ?"

ಮೊದಲ ಬಸ್ಸಿನ ಡ್ರೈವರು ತಲೆ ಕೆರೆದುಕೊಳ್ಳುತ್ತಾನೆ. "ಇನ್ನೂ ಇಲ್ಲ ಮೇಷ್ಟ್ರೇ."

"ನೀರು ಕುಡಿದ್ಯಾ?"

"ಅರ್ಧ ಲೋಟ."

"ಹಾಗಾದ್ರೆ ಚೀಟಿ ಇಲ್ಲ. ಡ್ರಮ್ಮಲ್ಲಿ ಬಿಸಿನೀರಿದೆ, ಎರಡು ಲೋಟ ಕುಡಿ. ಅಂಗಳದಲ್ಲಿ ಎರಡು ಸುತ್ತು ಹಾಕು. ಆಮೇಲೆ ಒಳಗೆ ಹೋಗಿ ಆರಾಮಾಗಿ ಕೂತ್ಕೋ. ಬಸ್ಸು ಎಲ್ಲಿಗೂ ಓಡಿಹೋಗಲ್ಲಪ್ಪ, ನೀನಿಲ್ದೆ ಅದು ಹೇಗೆ ಓಡುತ್ತೆ?"

ನನಗೆ ನಗು ತಡೆಯಲಾಗಲಿಲ್ಲ. ನಕ್ಕದ್ದೇ ತಪ್ಪಾಯಿತು ನೋಡಿ, ಪೆನ್ಸಿಲ್ಲು ನನ್ನ ಕಡೆ ತಿರುಗುತ್ತದೆ. "ಪತ್ರಿಕೆಯೋರು ಎಷ್ಟು ಟೀ ಕುಡಿದು ಬಂದ್ರಿ? ಖಾಲಿ ಹೊಟ್ಟೇಲಿ ತಾನೇ?" ಎರಡು ಎಂದೆ. "ರಾತ್ರಿ ಊಟ ಎಷ್ಟು ಹೊತ್ತಿಗೆ?" ಹನ್ನೊಂದಕ್ಕೆ ಎಂದೆ. "ಈಗ ಎದೆ ಉರೀತಿದೆ, ಅಲ್ವಾ?" ಉರಿಯುತ್ತಿತ್ತು! ಸಂದರ್ಶನ ಮಾಡಲು ಬಂದವನು ನಾನೋ ಅವರೋ ಎಂಬ ಗೊಂದಲದಲ್ಲೇ ನಾನೂ ಡ್ರಮ್ಮಿನ ಹತ್ತಿರ ಹೋಗಿ ಲೋಟ ಹಿಡಿದೆ.

ಡಿಪೋದಲ್ಲಿ ಇವರಿಗೆ 'ಹೊಟ್ಟೆ ಮೇಷ್ಟ್ರು' ಎಂದೇ ಹೆಸರು. ಇವರು ಮೇಷ್ಟ್ರೂ ಅಲ್ಲ, ಡಾಕ್ಟ್ರೂ ಅಲ್ಲ. ಹದಿನೆಂಟು ವರ್ಷ ಇದೇ ಡಿಪೋದಲ್ಲಿ ಬಸ್ಸು ಓಡಿಸಿದವರು. ಓಡಿಸುವಷ್ಟು ಕಾಲವೂ ಇವರ ಹೊಟ್ಟೆ ಇವರ ಮಾತು ಕೇಳಲಿಲ್ಲ. ಈ ವಾರ ಬೆಳಗಿನ ಪಾಳಿ, ಮುಂದಿನ ವಾರ ರಾತ್ರಿ ಪಾಳಿ. ಒಂದು ದಿನ ಊಟ ಹತ್ತಕ್ಕೆ, ಇನ್ನೊಂದು ದಿನ ಮೂರಕ್ಕೆ. ಊಟವೆಂದರೂ ಸ್ಟೀರಿಂಗ್ ಹಿಂದೆಯೇ ಕೂತು ಐದು ನಿಮಿಷದಲ್ಲಿ ನುಂಗಿದ್ದು. ನೀರು ಕುಡಿದರೆ ದಾರಿಯಲ್ಲಿ ಎಲ್ಲಿ ಇಳಿಯುವುದು ಎಂಬ ಹೆದರಿಕೆಗೆ ಗಂಟಲು ಒಣಗಿದರೂ ಬಾಟಲಿ ಮುಟ್ಟುತ್ತಿರಲಿಲ್ಲ. ಮೂರು ದಿನಕ್ಕೊಮ್ಮೆ ಹೊಟ್ಟೆ ಖಾಲಿಯಾದರೆ ಅದೇ ಹಬ್ಬ.

"ಮೂಲವ್ಯಾಧಿ ಆಯ್ತು," ಎನ್ನುತ್ತಾರೆ, ನೆಗಡಿ ಆಯ್ತು ಎಂದಷ್ಟು ಸಲೀಸಾಗಿ. "ನಾಚಿಕೆಗೆ ಯಾರ ಹತ್ರಾನೂ ಬಾಯಿ ಬಿಡಲಿಲ್ಲ. ಎರಡು ವರ್ಷ ರಕ್ತ ಹೋಯ್ತು. ಒಂದಿನ ಕೊನೇ ಸ್ಟಾಪಲ್ಲಿ ಬಸ್ಸಿಂದ ಇಳಿದವನು ಅಲ್ಲೇ ಕುಸಿದುಬಿದ್ದೆ. ಬಸ್ಸು ಓಡ್ತಿದ್ದಾಗ ಬಿದ್ದಿದ್ರೆ? ಹಿಂದೆ ಅರವತ್ತು ಜನ ಕೂತಿದ್ರು."

ಆಪರೇಷನ್ ಆಯಿತು. ಡ್ರೈವಿಂಗ್ ಹೋಯಿತು, ಡಿಪೋ ಕಿಟಕಿಯ ಕುರ್ಚಿ ಸಿಕ್ಕಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಕೇಳಿದ್ದು ಮೂರೇ ಪ್ರಶ್ನೆಯಂತೆ: ದಿನಾ ಎಷ್ಟು ಹೊತ್ತಿಗೆ ತಿಂತೀರಿ, ಎಷ್ಟು ನೀರು ಕುಡೀತೀರಿ, ಬಂದಾಗ ಹೋಗ್ತೀರೋ ತಡ್ಕೋತೀರೋ? "ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಬಸ್ಸು ಎಷ್ಟು ಡೀಸೆಲ್ ಕುಡಿಯುತ್ತೆ ಅಂತ ಕೇಳಿದ್ರೆ ನಿದ್ದೇಲೂ ಹೇಳ್ತಿದ್ದೆ."

ಅಂದಿನಿಂದ ಇವರ ಮನೆಯ ಯಜಮಾನಿಕೆ ಗಡಿಯಾರದ್ದು. ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಡತಿ ಮಿಷನ್ ನಿಲ್ಲಿಸದೆಯೇ ದೂರು ಹೇಳುತ್ತಾರೆ. "ಸಂಜೆ ಏಳೂವರೆಗೆ ತಟ್ಟೆ ಹಾಕ್ಬೇಕು. ಏಳು ನಲವತ್ತಾದ್ರೆ ಮುಖ ಹರಳೆಣ್ಣೆ ಕುಡಿದ ಹಾಗೆ ಆಗುತ್ತೆ. ತಟ್ಟೇಲಿ ಅರ್ಧ ತರಕಾರಿ ಇರ್ಬೇಕು, ಕಾಳು ಇರ್ಬೇಕು, ಒಂದು ಬಟ್ಟಲು ಮೊಸರು ಇರ್ಬೇಕು. ಒಂದೊಂದು ತುತ್ತನ್ನೂ ಹಸು ಮೆಲುಕು ಹಾಕಿದ ಹಾಗೆ ಅಗೀತಾರೆ ಮಹಾನುಭಾವರು! ಇವರ ಊಟ ಮುಗಿಯೋಷ್ಟ್ರಲ್ಲಿ ನಾನೊಂದು ತೋಳು ಹೊಲಿದುಬಿಡ್ತೀನಿ. ಆಮೇಲೆ ಇಬ್ರೂ ಬೀದಿ ಕೊನೇವರೆಗೆ ನಡೀಬೇಕು." ಮಿಷನ್ ನಿಲ್ಲುತ್ತದೆ. "ಆದ್ರೂ ಒಂದು ಮಾತು ಹೇಳ್ತೀನಿ. ಮೊದಲೆಲ್ಲ ಸಿಡಿಮಿಡಿ, ಮಾತಾಡಿಸಿದ್ರೆ ಕಚ್ಚೋಕೆ ಬರ್ತಿದ್ರು. ಹೊಟ್ಟೆ ಸರಿಹೋದ್ಮೇಲೆ ನನಗೆ ಬೇರೆ ಗಂಡ ಸಿಕ್ಕಿದ ಹಾಗಾಯ್ತು."

ತಾನು ಸುಧಾರಿಸಿದ ಮೇಲೆ ಊರವರನ್ನೆಲ್ಲ ಸುಧಾರಿಸುವ ಹುಮ್ಮಸ್ಸು ಯಾರಿಗೆ ಬರುವುದಿಲ್ಲ? ಕಿಟಕಿಯಲ್ಲಿ ಕೂತ ಮೇಷ್ಟ್ರಿಗೆ ದಿನಾ ರಜೆ ಚೀಟಿಗಳು ಕಾಣುತ್ತಿದ್ದವು. ತಿಂಗಳಿಗೆ ಮೂವತ್ತು ನಲವತ್ತು ಚೀಟಿಯಲ್ಲಿ ಒಂದೇ ಕಾರಣ: ಹೊಟ್ಟೆನೋವು. ಸರಿ, ಉಪದೇಶ ಶುರು. ನಾರು ತಿನ್ನಿ, ಹಣ್ಣು ತಿನ್ನಿ, ಗೋಧಿ ಹೊಟ್ಟು ತಿನ್ನಿ.

ಒಬ್ಬ ಡ್ರೈವರು ಈ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ಬೆಳಗ್ಗೆ ಎರಡು ಹಿಡಿ ಗೋಧಿ ಹೊಟ್ಟು ಬಾಯಿಗೆ ಸುರಿದುಕೊಂಡು ಬಸ್ಸು ಹತ್ತಿದ. ಆದರೆ ಡ್ಯೂಟಿಯಲ್ಲಿ ನೀರು ಕುಡಿಯುವ ಅಭ್ಯಾಸವೇ ಇಲ್ಲವಲ್ಲ! ಒಣ ಹೊಟ್ಟು ಹೊಟ್ಟೆಯೊಳಗೆ ಸಿಮೆಂಟಾಗಿ ಕೂತಿತು. "ನಾಲ್ಕು ದಿನ ಸಾರ್, ನಾಲ್ಕು ದಿನ!" ಎಂದು ಈಗಲೂ ನಾಲ್ಕು ಬೆರಳು ಎತ್ತಿ ತೋರಿಸುತ್ತಾನೆ ಆತ. "ಐದನೇ ದಿನ ಮೇಷ್ಟ್ರನ್ನ ಹೊಡೆಯೋಕೇ ಬಂದಿದ್ದೆ. ಕೈ ಎತ್ತೋಕೂ ಆಗದೆ ಕಿಟಕೀಲಿ ಕೂಗಾಡಿ ಹೋದೆ." ಪಾಪ, ಆ ಪೀಕಲಾಟದ ಕಥೆ ಡಿಪೋದಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. "ಅವತ್ತು ನನ್ನ ತಪ್ಪು ಗೊತ್ತಾಯ್ತು. ನಾರು ತಿಂದ್ರೆ ನೀರು ಬೇಕು. ನೀರು ಕುಡಿದ್ರೆ ಶೌಚಾಲಯ ಬೇಕು. ಶೌಚಾಲಯಕ್ಕೆ ಹೋಗ್ಬೇಕಂದ್ರೆ ಟೈಮ್ ಬೇಕು. ಟೈಮ್ ಎಲ್ಲಿದೆ? ನನ್ನ ಪೆನ್ಸಿಲ್ಲಲ್ಲೇ ಇದೆ! ಅದನ್ನ ಬಿಟ್ಟು ನಾನು ಭಾಷಣ ಬಿಗೀತಿದ್ದೆ."

ಒಂದು ವರ್ಷ ಹಿಡಿಯಿತು. ತೊಂಬತ್ತೆರಡು ಬಸ್ಸು, ನಾನೂರ ಹದಿನಾಲ್ಕು ಡ್ರೈವರು ಕಂಡಕ್ಟರುಗಳ ಚಾರ್ಟನ್ನು ಬರೆದು, ಅಳಿಸಿ, ಮತ್ತೆ ಬರೆದರು. ವಾರಕ್ಕೊಮ್ಮೆ ಬದಲಾಗುತ್ತಿದ್ದ ಪಾಳಿ ಎರಡು ತಿಂಗಳಿಗೊಮ್ಮೆ ಬದಲಾಗುವಂತಾಯಿತು. ಪ್ರತಿಯೊಬ್ಬರಿಗೂ ದಿನಾ ಒಂದೇ ಹೊತ್ತಿಗೆ ಊಟ, ಅದೂ ಕೈ ತೊಳೆಯಲು ನಲ್ಲಿ ಇರುವ ಸ್ಟಾಪಿನಲ್ಲಿ. ಎಲ್ಲಕ್ಕಿಂತ ಮುಖ್ಯವಾದದ್ದು, ಡಿಪೋಗೆ ಬಂದು ಸಹಿ ಹಾಕಿದ ಮೇಲೆ ಬಸ್ಸು ಹೊರಡುವವರೆಗೆ ಇಪ್ಪತ್ತು ನಿಮಿಷ. ಮೊದಲು ಅದು ಐದೇ ನಿಮಿಷವಿತ್ತು. ಉಳಿದದ್ದು ಎಲ್ಲಿಂದ ಬಂತು? "ಕದ್ದೆ," ಎಂದು ಕಣ್ಣು ಮಿಟುಕಿಸುತ್ತಾರೆ. ಮಧ್ಯಾಹ್ನ ಜನವಿಲ್ಲದ ಹೊತ್ತಿನಲ್ಲಿ ಕೊನೆಯ ಸ್ಟಾಪುಗಳಲ್ಲಿ ಬಸ್ಸುಗಳು ಸುಮ್ಮನೆ ಬಿಸಿಲು ಕಾಯುತ್ತಿದ್ದವು. ಅಲ್ಲಿಂದ ಹದಿನೈದು ನಿಮಿಷ ಕಿತ್ತು ಬೆಳಗಿಗೆ ಹಾಕಿದರು. ಒಂದು ಬಸ್ಸೂ ಕಡಿಮೆಯಾಗಲಿಲ್ಲ.

ಇದೆಲ್ಲ ಆಗಿ ಎಂಟು ವರ್ಷ. ಈಗ ತಿಂಗಳಿಗೆ ಹೊಟ್ಟೆನೋವಿನ ಚೀಟಿ ಎಂಟು ದಾಟುವುದಿಲ್ಲ. ಕ್ಯಾಂಟೀನಿನಲ್ಲಿ ಬೆಳಗ್ಗೆ ಕರಿದದ್ದರ ಪಕ್ಕದಲ್ಲೇ ಗಂಜಿ, ಬೇಯಿಸಿದ ಕಾಳು, ಪರಂಗಿ ಹಣ್ಣು ಸಿಗುತ್ತದೆ. ಯಾರಿಗೂ ಬಲವಂತವಿಲ್ಲ. ಗೋಧಿ ಹೊಟ್ಟಿನ ಮಹರಾಯನೂ ಈಗ ಹೊಟ್ಟನ್ನು ಗಂಜಿಯಲ್ಲಿ ಕಲಸಿಕೊಂಡು, ಮೇಲೊಂದು ಲೋಟ ನೀರು ಕುಡಿದೇ ಏಳುವುದು. ಮೇಷ್ಟ್ರು ಒಂದು ವಿಷಯದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು: "ರಕ್ತ ಕಂಡ್ರೆ, ಸುಮ್ಸುಮ್ನೆ ತೂಕ ಇಳಿದ್ರೆ, ನೋವು ಬಿಡದೇ ಇದ್ರೆ ನನ್ನ ಕಿಟಕಿಗೆ ಬರ್ಬೇಡಿ. ನೇರ ಆಸ್ಪತ್ರೆಗೆ ಹೋಗಿ. ನಾನು ಮುಚ್ಚಿಟ್ಟು ಕೆಟ್ಟೆ."

ಇಷ್ಟೆಲ್ಲ ಚೆನ್ನಾಗಿದ್ದ ಮೇಲೆ ಮೇಷ್ಟ್ರಿಗೆ ಚಿಂತೆ ಯಾಕೆ? ಇವರಿಗೆ ಇನ್ನು ಐದೇ ತಿಂಗಳ ಸೇವೆ. ಅದಕ್ಕೂ ಮೊದಲೇ, ಮುಂದಿನ ತಿಂಗಳಿಂದ, ಚಾರ್ಟು ಹೆಡ್ ಆಫೀಸಿನ ಕಂಪ್ಯೂಟರಿನಿಂದ ಬರುತ್ತದೆ. ಕಂಪ್ಯೂಟರಿಗೆ ಆ ಇಪ್ಪತ್ತು ನಿಮಿಷ ಕಂಡಿದೆ, ಅದು 'ಕೆಲಸವಿಲ್ಲದ ಸಮಯ' ಎಂದು ಕೆಂಪು ಗೆರೆ ಎಳೆದಿದೆ. ಎಂಟು ವರ್ಷದ ಏರ್ಪಾಡು ಪೆನ್ಸಿಲ್ಲಿನಲ್ಲಿ ಮಾತ್ರ ಇತ್ತು, ಯಾವ ಆದೇಶದಲ್ಲೂ ಇರಲಿಲ್ಲ. "ಮುಂದಿನ ತಿಂಗಳಿಂದ್ಲೇ ಮತ್ತೆ ಐದು ನಿಮಿಷ ಆಗುತ್ತೆ. ಹುಡುಗರು ಮತ್ತೆ ನೀರು ಕುಡಿಯೋದು ಬಿಡ್ತಾರೆ," ಎನ್ನುವಾಗ ಅಲ್ಲಿಯವರೆಗೆ ನಗುತ್ತಿದ್ದ ಮುಖ ಬಾಡುತ್ತದೆ.

ನಾನು ಹೋಗಿದ್ದ ದಿನವೇ ಹನ್ನೊಂದು ಗಂಟೆಗೆ ಡಿಪೋ ಮ್ಯಾನೇಜರ್ ಕೋಣೆಯಲ್ಲಿ ಇದರದೇ ಮಾತುಕತೆ. ನನ್ನನ್ನೂ ಒಂದು ಮೂಲೆಯಲ್ಲಿ ಕೂರಲು ಬಿಟ್ಟರು. ಮ್ಯಾನೇಜರ್ ಹೊಸಬರು, ಕೆಟ್ಟವರಲ್ಲ. ಮೇಷ್ಟ್ರ ಜೊತೆಗೆ ಬಂದದ್ದು ಡಿಪೋದ ಮೂವರು ಮಹಿಳಾ ಡ್ರೈವರುಗಳಲ್ಲಿ ಹಿರಿಯವರು. ಎಲ್ಲರೂ ಅಕ್ಕ ಎಂದೇ ಕರೆಯುತ್ತಾರೆ.

"ಕಂಪ್ಯೂಟರ್ ಕಾರಣ ಕೇಳುತ್ತೆ ನೋಡಿ," ಎಂದು ಮ್ಯಾನೇಜರ್ ಪರದೆ ತಿರುಗಿಸಿದರು. "ಡೀಸೆಲ್, ತೊಳೆಯೋದು, ಟೈರ್ ತಪಾಸಣೆ, ಇತರೆ. ಟೈರ್ ತಪಾಸಣೆ ಅಂತ ಹಾಕಿಬಿಡೋಣ. ಯಾರೂ ಕೇಳಲ್ಲ, ನಿಮ್ಮ ಕೆಲಸವೂ ಆಗುತ್ತೆ."

ಒಳ್ಳೆಯ ಉಪಾಯವೇ ಎಂದು ನನಗೂ ಅನ್ನಿಸಿತು. ಮೇಷ್ಟ್ರು ಅಡ್ಡಡ್ಡ ತಲೆಯಾಡಿಸಿದರು. "ಬೇಡ ಸಾರ್. ಟೈರ್ ಅಂತ ಬರೆದ್ರೆ, ನಾಳೆ ಯಾರೋ ಬಂದು ಟೈರ್ ನೋಡೋಕೆ ಇಪ್ಪತ್ತು ನಿಮಿಷ ಯಾಕೆ, ಐದು ಸಾಕು ಅಂತಾರೆ. ಅವರು ಹೇಳೋದೂ ಸರಿಯೇ ಆಗಿರುತ್ತೆ. ಇದು ಯಾತಕ್ಕೆ ಅಂತ ಇದ್ದದ್ದು ಇದ್ದ ಹಾಗೇ ಬರೀಬೇಕು."

"ಏನಂತ ಬರೀಲಿ? ಶೌಚಕ್ಕೆ ಅಂತ ಬರೆಯೋಕಾಗುತ್ತಾ? ಹೆಡ್ ಆಫೀಸಲ್ಲಿ ಏನಂದ್ಕೋತಾರೆ?" ಮ್ಯಾನೇಜರ್ ಕಿವಿ ಕೆಂಪಾಯಿತು.

ಅಕ್ಕ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಸಾರ್, ನಾನು ಈ ಡಿಪೋಗೆ ಬಂದು ಹದಿನಾಲ್ಕು ವರ್ಷ. ಮೊದಲ ಆರು ವರ್ಷ, ಬೆಳಿಗ್ಗೆ ನಾಲ್ಕರಿಂದ ಮಧ್ಯಾಹ್ನ ಹನ್ನೆರಡರವರೆಗೆ ಒಂದು ಗುಟುಕು ನೀರು ಕುಡಿದಿಲ್ಲ. ಹೊಟ್ಟೆ ಕಲ್ಲಾಗಿರ್ತಿತ್ತು. ಬ್ರೇಕ್ ಒತ್ತಿದ್ರೆ ಕಣ್ಣಲ್ಲಿ ನೀರು ಬರ್ತಿತ್ತು. ಯಾರ ಹತ್ರ ಹೇಳ್ಲಿ? ನಂದೇ ಏನೋ ದೋಷ ಅಂದ್ಕೊಂಡಿದ್ದೆ. ಈ ಮನುಷ್ಯ ಕಿಟಕೀಲಿ ಕೂತು 'ಅಕ್ಕ, ನೀರು ಕುಡಿ, ಟೈಮ್ ಇದೆ' ಅಂದಾಗ ನಾನು ಒಳಗೆ ಹೋಗಿ ಅತ್ತುಬಿಟ್ಟೆ. ನಿಮಗೆ ಬರೆಯೋಕೆ ನಾಚಿಕೆ ಆದ್ರೆ ಕೊಡಿ, ನಾನು ಬರೀತೀನಿ."

ಮ್ಯಾನೇಜರ್ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. 'ಇತರೆ' ಎಂಬಲ್ಲಿ ಒತ್ತಿ, ಎರಡು ಬೆರಳಲ್ಲಿ ಒಂದೊಂದೇ ಅಕ್ಷರ ಕುಟ್ಟಿದರು: ಶೌಚ, ನೀರು, ತಿಂಡಿ. ಕಳಿಸುವ ಮೊದಲು ಒಮ್ಮೆ ತಲೆಯೆತ್ತಿದರು.

"ಹೆಡ್ ಆಫೀಸಿನವರು ನಗ್ತಾರೆ ಕಣ್ರೀ."

"ನಗ್ಲಿ ಬಿಡಿ ಸಾರ್," ಎಂದರು ಮೇಷ್ಟ್ರು. "ನಗೋಕೂ ಹೊಟ್ಟೆ ಚೆನ್ನಾಗಿರ್ಬೇಕಲ್ವಾ?"

ಮ್ಯಾನೇಜರ್ ಮೊದಲು ನಕ್ಕರು, ಆಮೇಲೆ ಮೇಜಿನ ಡ್ರಾಯರ್ ಎಳೆದು ಒಳಗಿದ್ದ ಎದೆಯುರಿ ಮಾತ್ರೆಗಳ ರಾಶಿ ತೋರಿಸಿದರು. ಅವರ ಊಟದ ಹೊತ್ತು ಎಷ್ಟು ಎಂಬ ವಿಚಾರಣೆ ಅಲ್ಲೇ ಶುರುವಾಯಿತು.

ಉತ್ತರ ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಏಳೂವರೆಯ ತಟ್ಟೆ ಮುಂದೆ ಕೂತರೂ ಗಂಡನಿಗೆ ತುತ್ತು ಇಳಿಯಲಿಲ್ಲ ಎಂದು ಹೆಂಡತಿ ಫೋನಿನಲ್ಲಿ ಹೇಳಿದರು. ಹತ್ತನೆಯ ದಿನ ಬೆಳಗ್ಗೆ ನಾನೂ ಡಿಪೋಗೆ ಓಡಿದೆ. ಮುಂದಿನ ತಿಂಗಳ ಚಾರ್ಟು ಹೆಡ್ ಆಫೀಸಿನಿಂದ ಅಚ್ಚಾಗಿ ಬಂದು ಕಿಟಕಿಯ ಪಕ್ಕದ ಗೋಡೆಯಲ್ಲಿ ಅಂಟಿತ್ತು. ಪ್ರತಿ ಬಸ್ಸಿನ ಎದುರೂ ಇಪ್ಪತ್ತು ನಿಮಿಷ, ಪಕ್ಕದಲ್ಲಿ ಕಪ್ಪು ಮಸಿಯಲ್ಲಿ ಕಾರಣ: ಶೌಚ, ನೀರು, ತಿಂಡಿ. ಯಾರೂ ಒಂದು ಅಕ್ಷರವನ್ನೂ ತಿದ್ದಿರಲಿಲ್ಲ. ಡ್ರೈವರುಗಳು ಗುಂಪುಗಟ್ಟಿ ಅದನ್ನು ಜೋರಾಗಿ ಓದುತ್ತಾ ನಗುತ್ತಿದ್ದರು. ಅಕ್ಕ ಮಾತ್ರ ನಗುತ್ತಲೂ ಇದ್ದರು, ಕಣ್ಣೊರೆಸಿಕೊಳ್ಳುತ್ತಲೂ ಇದ್ದರು.

ಮೇಷ್ಟ್ರು ತೊಂಬತ್ತೆರಡು ಸಾಲನ್ನೂ ಬೆರಳಿಟ್ಟು ಒಂದೊಂದಾಗಿ ಓದಿ ಮುಗಿಸಿದರು. ಏನನ್ನಿಸುತ್ತಿದೆ ಎಂದು ಕೇಳಿದೆ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು.

"ನನ್ನ ಕೈಬರಹ ಎಲ್ಲೂ ಇಲ್ಲ ನೋಡಿ. ಈಗ ಸಮಾಧಾನ. ಇನ್ಮೇಲೆ ಈ ಕುರ್ಚೀಲಿ ಯಾರೇ ಕೂರ್ಲಿ, ನಮ್ಮ ಹುಡುಗರು ನೀರು ಕುಡೀತಾರೆ."