ಅವಳ ಸಾಲುಗಳ ಪಕ್ಕದ ಹೆಸರು

ಗೆಳತಿ ತೀರಿಕೊಂಡ ಮೇಲೆ ಅವಳ ಸೀರೆಗಳನ್ನು ತಂಗಿಯರು ಹಂಚಿಕೊಂಡರು. ಪುಸ್ತಕಗಳು ಶಾಲೆಗೆ ಹೋದವು. ನನ್ನ ಪಾಲಿಗೆ ಉಳಿದದ್ದು ಒಂದು ಕಂಪ್ಯೂಟರ್ ಪ್ರೋಗ್ರಾಂ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅವಳೇ ಬರೆದದ್ದು.

ಶಹಾಪುರದ ಒಂದೇ ಶಾಲೆಯಲ್ಲಿ ಅವಳು ಗಣಿತ ಕಲಿಸಿದಳು, ನಾನು ಇಂಗ್ಲಿಷ್. ಕೊನೆಕೊನೆಗೆ ಕಂಪ್ಯೂಟರನ್ನೂ ನನ್ನ ತಲೆಗೆ ಕಟ್ಟಿದರು. ರಿಟೈರ್ ಆದ ಮೇಲೆ ಅವಳಿಗೆ ಪ್ರೋಗ್ರಾಂ ಬರೆಯುವುದನ್ನು ನಾನೇ ಹೇಳಿಕೊಟ್ಟೆ. ನೋಡನೋಡುತ್ತಲೇ ನನ್ನನ್ನು ಹಿಂದೆ ಹಾಕಿದಳು. ಅವಳ ತವರು ಸಗರ. ಕಾಲುವೆಗೆ ನೀರು ಬಿಟ್ಟಾಗ ಯಾವ ಊರಿಗೆ ಯಾವ ದಿನ ನೀರಿನ ಪಾಳಿ ಎಂಬ ಸುದ್ದಿ ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ಪಾಳಿಯೇ ಮುಗಿದಿರುತ್ತಿತ್ತು.

"ಮೊಬೈಲಿನ್ಯಾಗ ಎಲ್ಲಾ ಕಾಣತೈತಿ, ನೀರಿನ ಪಾಳಿ ಒಂದು ಕಾಣಬಾರದೇನು?" ಅಂದಳು. ಶುರುವಾದದ್ದು ಹೀಗೆ.

ನಮ್ಮಿಬ್ಬರ ಕೈಯಲ್ಲೂ ಕಲಿತು ಈಗ ಸುರಪುರದ ಕಾಲೇಜಿನಲ್ಲಿ ಪಾಠ ಮಾಡುವ ಹುಡುಗಿ ಮೂರನೆಯವಳಾಗಿ ಸೇರಿದಳು. ಹುಡುಗಿ ಎಂದೆ, ಅವಳಿಗೂ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ನಾನು ಅವಳಿಗೆ ‘ಮಿಸ್’, ನನ್ನ ಗೆಳತಿ ‘ಅಕ್ಕೋರು’. ನಾವು ಬರೆದದ್ದನ್ನು ಓಪನ್ ಸೋರ್ಸ್ ಎಂದು ಇಂಟರ್ನೆಟ್ಟಿನಲ್ಲಿ ಬಿಚ್ಚಿಟ್ಟೆವು. ಅಂದರೆ ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು; ಒಪ್ಪುವುದು ಬಿಡುವುದು ನಮಗೆ ಸೇರಿದ್ದು.

ಮೂವರ ಬರವಣಿಗೆ ಮೂರು ತೆರ. ಸಾಲಿನ ಆರಂಭದಲ್ಲಿ ನಾನು ಎರಡು ಸ್ಪೇಸ್ ಬಿಡುತ್ತೇನೆ. ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಅಕ್ಷರ ಮಾರ್ಜಿನ್ ದಾಟಿದರೆ ಸಿಸ್ಟರ್ ಸ್ಕೇಲಿನಿಂದ ಬೆರಳ ಗೆಣ್ಣಿಗೆ ತಟ್ಟುತ್ತಿದ್ದರು. ನೀಟ್‌ನೆಸ್ ಎಂಬುದು ನನ್ನ ಮೂಳೆಗೇ ಇಳಿದಿದೆ. ಸುರಪುರದವಳದು ನಾಲ್ಕು ಸ್ಪೇಸ್. ಗೆಳತಿ ಟ್ಯಾಬ್ ಕೀಲಿಯನ್ನು ಒಮ್ಮೆ ಗುದ್ದಿ ಮುಂದೆ ಹೋಗುತ್ತಿದ್ದಳು. ಸಮ ಚಿಹ್ನೆಗಳನ್ನೆಲ್ಲ ಕರಿಹಲಗೆಯ ಲೆಕ್ಕದ ಹಾಗೆ ಒಂದರ ಕೆಳಗೊಂದು ಜೋಡಿಸುವಳು. ನಡುನಡುವೆ ಖಾಲಿ ಸಾಲು.

"ಇಷ್ಟು ಖಾಲಿ ಜಾಗ ಯಾಕ ಬಿಡತಿ, ಮೈ ಡಿಯರ್?"

"ಓದಾವ್ರು ಉಸರು ತಗೋಬೇಕಲ್ಲ. ನಿನ್ನ ಸಾಲು ನೋಡು, ಸಿಸ್ಟರ್ ಮುಂದ ಕೈ ಕಟ್ಟಿಕೊಂಡು ನಿಂತಾವ."

"ಡಿಸಿಪ್ಲಿನ್ ಅಂತಾರ ಅದಕ್ಕ."

"ಅಂಜಿಕಿ ಅಂತಾರ."

ಪ್ರತಿ ಸಾಲನ್ನು ಕೊನೆಗೆ ಮುಟ್ಟಿದವರು ಯಾರು ಎಂದು ಪಕ್ಕದಲ್ಲೇ ಹೆಸರು ತೋರಿಸುವ ಒಂದು ಕಿಟಕಿ ಉಂಟು. ಅದನ್ನು ‘ಬ್ಲೇಮ್’, ಅಂದರೆ ದೂರು, ಎನ್ನುತ್ತಾರೆ. ಮೊದಲ ಸಲ ತೋರಿಸಿದಾಗ ಅವಳು ಬಿದ್ದುಬಿದ್ದು ನಕ್ಕಳು. "ದುಡದವರ ಹೆಸರು ಹೇಳಾಕ ಬ್ಲೇಮ್ ಅಂದ್ರ! ಇದನ್ನ ಯಾರೋ ಅತ್ತಿ ಮಾಡಿರಬೇಕು ನೋಡು."

ಅವಳು ಹೋದ ಮೇಲೆ, ಮಧ್ಯಾಹ್ನ ಊಟವಾದ ಬಳಿಕ, ಕೆಲಸವಿಲ್ಲದೆಯೂ ಆ ಕಿಟಕಿ ತೆರೆಯುವುದು ನನಗೆ ರೂಢಿಯಾಯಿತು. ಎಡಗಡೆ ಅವಳ ಹೆಸರು, ಅದರ ಕೆಳಗೆ ಮತ್ತೆ ಅವಳ ಹೆಸರು. ಫೋಟೋಕ್ಕೆ ಹಾರ ಹಾಕಿ ನಿಲ್ಲುವುದಕ್ಕಿಂತ ಅದರಲ್ಲೇ ನನಗೆ ಹೆಚ್ಚು ಸಮಾಧಾನ.

ಹಿಂಗಾರಿನಲ್ಲಿ ಒಂದು ದಿನ ತೆರೆದಾಗ ಆ ಹೆಸರು ಇರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಬೇರೆ ಯಾರದೋ ಹೆಸರು.

ಆದದ್ದು ಇಷ್ಟು. ಯಾದಗಿರಿ ಕಡೆಯ ಯಾರೋ, ನಾವು ಮುಖ ಕಂಡವರಲ್ಲ, ಕೆಂಭಾವಿಯ ಪಾಳಿಯ ದಿನ ಬದಲಾದದ್ದನ್ನು ತಿದ್ದಿ ಕಳಿಸಿದ್ದರು. ಒಳ್ಳೆಯ ಮನಸ್ಸಿನ ಕೆಲಸವೇ. ಆದರೆ ಅವರ ಕಂಪ್ಯೂಟರ್ ಎಲ್ಲ ಸಾಲುಗಳ ಸ್ಪೇಸುಗಳನ್ನೂ ತನ್ನ ರೀತಿಗೆ ಎಳೆದು ಕೂರಿಸಿತ್ತು. ಬದಲಾದ ಸಾಲುಗಳು ಪರದೆಯ ಮೇಲೆ ಕೆಂಪು, ಹಸಿರಾಗಿ ಕಾಣುತ್ತವೆ. ಅವತ್ತು ಎಲ್ಲವೂ ಕೆಂಪು, ಎಲ್ಲವೂ ಹಸಿರು. ಆ ಗದ್ದಲದಲ್ಲಿ ದೇವಾಪುರದ ಗುರುವಾರ ಕೈತಪ್ಪಿ ಸೋಮವಾರವಾದದ್ದು ನನಗೂ ಕಾಣಲಿಲ್ಲ, ಸುರಪುರದವಳಿಗೂ ಕಾಣಲಿಲ್ಲ. ಇಬ್ಬರೂ ಒಪ್ಪಿಗೆ ಕೊಟ್ಟಿದ್ದೆವು.

ಸೋಮವಾರ ಬೆಳಗ್ಗೆ ದೇವಾಪುರದ ಹೆಣ್ಣುಮಗಳೊಬ್ಬಳು ಕೂಲಿ ಬಿಟ್ಟು, ಸಲಿಕೆ ಹಿಡಿದು ಕಾಲುವೆಯ ದಂಡೆಗೆ ಹೋಗಿ ನಿಂತು, ಅಲ್ಲಿಂದಲೇ ಸುರಪುರದವಳಿಗೆ ಫೋನ್ ಮಾಡಿದಳಂತೆ. "ಯವ್ವಾ, ನಿನ್ನ ಮೊಬೈಲಿನ್ಯಾಗ ನೀರು ಬಂದೈತಿ. ಇಲ್ಲಿ ಕಪ್ಪಿ ಸೈತ ಇಲ್ಲ. ಈಗ ಮೊಬೈಲ್ ಹಿಂಡಿ ಹೊಲಕ್ಕ ಬಿಡ್ಲೇನು?"

ಆ ತಿದ್ದುಪಡಿ ಬಂದೇ ಇಲ್ಲವೆನ್ನುವ ಹಾಗೆ ಎಲ್ಲವನ್ನೂ ಹಿಂದಿನ ಸ್ಥಿತಿಗೆ ಒಯ್ದೆವು. ಕಿಟಕಿಯಲ್ಲಿ ಗೆಳತಿಯ ಹೆಸರು ಮರಳಿ ಬಂತು. ಕೆಂಭಾವಿಯ ಒಂದು ಸಾಲನ್ನಷ್ಟೇ ಕೈಯಿಂದ ತಿದ್ದಿದೆವು. ಆದರೆ ಸಂಜೆ ಸುರಪುರದವಳ ಫೋನ್ ಬಂತು.

"ಮಿಸ್, ಫಾರ್ಮ್ಯಾಟರ್ ಹಚ್ಚಬೇಕ್ರಿ. ಇಲ್ಲಾಂದ್ರ ಇದು ಮತ್ತ ಆಗತೈತಿ."

ಫಾರ್ಮ್ಯಾಟರ್ ಎಂದರೆ, ಯಾರು ಹೇಗೇ ಬರೆದಿರಲಿ, ಸ್ಪೇಸು, ಸಾಲಿನ ಉದ್ದ ಎಲ್ಲವನ್ನೂ ಒಂದೇ ರೀತಿಗೆ ತರುವ ಸಾಧನ. ಹಾಗೆ ತಾರದೆ ಕಳಿಸಿದ ತಿದ್ದುಪಡಿಗೆ ಕೆಂಪು ಗುರುತು ಬಿದ್ದು ಅದು ಬಾಗಿಲಲ್ಲೇ ನಿಲ್ಲುತ್ತದೆ. ಅಸೆಂಬ್ಲಿಗೆ ಮುಂಚೆ ನಮ್ಮ ರಿಬ್ಬನ್, ಶೂ ಪಾಲಿಶ್ ನೋಡಿ ಒಳಗೆ ಬಿಡುತ್ತಿದ್ದ ಸಿಸ್ಟರ್ ಹಾಗೆ. ನನ್ನಂಥವಳು ಎದ್ದು ಸ್ವಾಗತಿಸಬೇಕಾದ ವಸ್ತು.

"ಹೊಸಾ ಸಾಲಿಗಷ್ಟ ಹಚ್ಚೋಣ. ಹಳೀವು ಇದ್ದಂಗ ಇರಲಿ," ಅಂದೆ.

"ಅರ್ಧ ಹಚ್ಚಿ ಅರ್ಧ ಬಿಟ್ರ ಏನೂ ಹಚ್ಚದಂಗ್ರಿ. ಒಂದ ಸಲ ಎಲ್ಲಾದಕ್ಕೂ ಹಚ್ಚಿಬಿಡಬೇಕು."

"ಆಕಿ ಹೆಸರು ಹೋಗತೈತಲ್ಲ."

ಅದಕ್ಕವಳು "ರವಿವಾರ ಬರತೀನ್ರಿ," ಅಂದಳು.

ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಬಸ್ಸಿನಲ್ಲಿ ಬಂದಳು. ಲ್ಯಾಪ್‌ಟಾಪ್ ತೆರೆಯದೆ ಮೊದಲು ಹೋಳಿಗೆ ತಿನ್ನಿಸಿದಳು, ತುಪ್ಪ ಸಾಲದು ಅಂತ ನನ್ನ ಅಡುಗೆಮನೆಯಲ್ಲೇ ಹುಡುಕಿ ಹಾಕಿದಳು.

"ಅಕ್ಕೋರು ಪ್ಯಾರಲಲ್ ಲೈನ್ಸ್ ಪಾಠಕ್ಕ ಬೋರ್ಡಿನ ಮ್ಯಾಲ ಕೂರಿಗಿ ಚಿತ್ರ ತಗೀತಿದ್ರು, ನಿಮಗ ಗೊತ್ತೇನ್ರಿ ಮಿಸ್?"

ನನಗೆ ಗೊತ್ತಿರಲಿಲ್ಲ. ನಾನು ಪಕ್ಕದ ಕ್ಲಾಸಿನಲ್ಲಿ ಗ್ರಾಮರ್ ಹೇಳುತ್ತಿದ್ದೆ.

"ಕೂರಿಗಿ ಬಿತ್ತೋ ಸಾಲು ಒಂದ ಅಂತರದಾಗ ಯಾಕ ಇರತಾವ, ಅಂತ ಕೇಳ್ತಿದ್ರು. ಚಂದ ಕಾಣಲಿ ಅಂತ, ಅಂದೆ ನಾನು. ಏ ಹುಚ್ಚಿ, ಬೆಳಿ ಎದ್ದ ಮ್ಯಾಲ ಸಾಲಿನ ನಡುವ ಕುಂಟಿ ಹೊಡದು ಕಸ ತಗೀಬೇಕಲ್ಲ, ಸಾಲು ಸೊಟ್ಟ ಆದ್ರ ಕುಂಟಿ ಬೆಳಿನ ಕಡೀತೈತಿ, ಅಂದ್ರು." ಬೆರಳಿಗಂಟಿದ ತುಪ್ಪ ಒರೆಸಿಕೊಂಡಳು. "ದೇವಾಪುರದ ಗುರುವಾರ ಕಡೀಲಿಲ್ಲೇನ್ರಿ, ಹಂಗ."

"ಹೇಳಿದಾಕಿ ತಾನ ಸಾಲು ಸರಿ ಇಡಲಿಲ್ಲ."

"ಅಕ್ಕೋರು ಹಂಗ ಬಿಡ್ರಿ."

ಇಬ್ಬರೂ ನಕ್ಕೆವು. ನಾನು ಕಣ್ಣು ಒರೆಸಿಕೊಂಡೆ; ಅವಳು ಡಬ್ಬಿಯ ಮುಚ್ಚಳ ಹುಡುಕುವ ನೆಪ ಮಾಡಿದಳು.

"ಹೆಸರಿಗೂ ದಾರಿ ಹುಡುಕೀನ್ರಿ. ಈ ಒಂದು ಬದಲಾವಣಿ ಬರೇ ಜೋಡಣಿದ್ದು, ಇದನ್ನ ದಾಟಿ ಹಿಂದ ಬರದವರನ್ನ ತೋರಿಸು ಅಂತ ಬ್ಲೇಮಿಗೆ ಹೇಳಿಡಬಹುದು. ಮನ್ಯಾಗ ಮಾಡಿ ನೋಡೀನಿ. ಇನ್ನ ಸ್ಪೇಸು, ನಿಮ್ಮ ಎರಡೂ ಬ್ಯಾಡ, ನನ್ನ ನಾಲ್ಕೂ ಬ್ಯಾಡ. ಟ್ಯಾಬ್ ಇಡೋಣ್ರಿ. ಅಕ್ಕೋರದು."

ಎಂಟರ್ ಒತ್ತಬೇಕಾದವಳು ನಾನೇ ಎಂದು ಹಟ ಹಿಡಿದಳು. ಒತ್ತಿದೆ. ಒಂದರ ಕೆಳಗೊಂದು ಕಂಬದಂತೆ ನಿಂತಿದ್ದ ಸಮ ಚಿಹ್ನೆಗಳು ಸರಿದು ತಮ್ಮ ತಮ್ಮ ಪದಗಳಿಗೆ ಒತ್ತಿಕೊಂಡವು. ಜೋಡಿ ಖಾಲಿ ಸಾಲುಗಳು ಒಂಟಿಯಾದವು. ಅವಳ ಕರಿಹಲಗೆಯನ್ನು ಯಾರೋ ಒರೆಸಿದ ಹಾಗಾಯಿತು. ನನ್ನ ಎರಡು ಸ್ಪೇಸುಗಳೂ ಹೋದವು. ಅವುಗಳ ಕಡೆ ನಾನು ನೋಡಲೇ ಇಲ್ಲ. ಕಿಟಕಿ ತೆರೆದೆವು. ಎಡಗಡೆ ಅವಳ ಹೆಸರು, ಅದರ ಕೆಳಗೆ ಮತ್ತೆ ಅವಳ ಹೆಸರು.

ಈಗ ಬರುವ ತಿದ್ದುಪಡಿಗಳಲ್ಲಿ ಬದಲಾದ ಸಾಲು ಮಾತ್ರ ಕೆಂಪು ಹಸಿರಾಗಿ ಕಾಣುತ್ತದೆ. ಮೊನ್ನೆ ಸಗರದ ಪಾಳಿಯ ದಿನ ಬದಲಾಯಿತು. ಅವಳು ಬರೆದ ಸಾಲು ಅದು, ಅವಳ ತವರಿನದು. ಬಹಳ ಹೊತ್ತು ನೋಡುತ್ತ ಕುಳಿತೆ. ಆದರೆ ಹೊಲದಲ್ಲಿ ನಿಂತವರಿಗೆ ಸರಿಯಾದ ದಿನ ಬೇಕು. ಒಂದು ಪದ ಅಳಿಸಿ ಇನ್ನೊಂದು ಬರೆದೆ. ಆ ಸಾಲಿನ ಪಕ್ಕದಲ್ಲಿ ಈಗ ನನ್ನ ಹೆಸರಿದೆ. ಅದರ ಮೇಲೆ ಅವಳು, ಕೆಳಗೂ ಅವಳು.