ಕೆಳಗೆ ಹಾಕದ ಬಲೆ

ನೀಲಕ್ಕ, ಮೇಡ್ಲೇರಿಯ ಸಭೆಯಲ್ಲಿ ಅಂದು ಸುಳ್ಳು ಹೇಳಿದವಳು ನಾನು. ನೀವು ಹೇಳಿದ್ದು ನಿಜವಾಗಿತ್ತು. ಇಷ್ಟನ್ನು ಬರೆಯಲು ನನಗೆ ಇಷ್ಟು ವರ್ಷ —

ಆಗಷ್ಟೇ ಎರಡು ಸಾವಿರದ ಇಸವಿ ದಾಟಿತ್ತು. ಕಾರ್ಖಾನೆಯ ಕೊಳಚೆ ತುಂಗಭದ್ರೆಯನ್ನು ಸೇರಿದ ಮೇಲೆ ಮೀನು ಕಡಿಮೆಯಾಗಿವೆಯೇ ಎಂದು ನೋಡಲು ಕಾಲೇಜಿನಿಂದ ನನ್ನನ್ನು ಕಳಿಸಿದ್ದರು. ಕೊಳಚೆ ಸೇರುವ ಜಾಗಕ್ಕಿಂತ ಹೊಳೆಯ ಮೇಲ್ಭಾಗದಲ್ಲೊಂದು, ಕೆಳಭಾಗದಲ್ಲೊಂದು ಬಲೆ ಹಾಕಿಸಿ, ಸಿಕ್ಕ ಮೀನುಗಳನ್ನು ಹೋಲಿಸಬೇಕಿತ್ತು. ತೆಪ್ಪ ನಿಮ್ಮದು, ಬಲೆ ನಿಮ್ಮದು. ಮಧ್ಯಾಹ್ನದ ರೊಟ್ಟಿಯೂ ನಿಮ್ಮದೇ.

ಮೊದಲ ಸಲ ಕೆಳಗಿನ ಬಲೆಯಲ್ಲಿ ಬಂದದ್ದು ಬಾಲ ಕೊಳೆತ ಒಂದು ಬಾಳೆಮೀನು, ಅಷ್ಟೇ. ಅದನ್ನು ಕಂಡಾಗ ನನಗೆ ನೆನಪಾದದ್ದು ಹೊಳೆಯಲ್ಲ — ಅಪ್ಪ. ಅವರು ಅದೇ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿದ್ದರು. ಕಾರ್ಖಾನೆ ಮುಚ್ಚಿದರೆ? ನನ್ನನ್ನು ಯಾರೂ ಹೆದರಿಸಲಿಲ್ಲ. ಅಪ್ಪನೂ ಏನೂ ಕೇಳಲಿಲ್ಲ. ನಾನೇ — ನಾನೊಬ್ಬಳೇ — ಮುಂದಿನ ಸಲದಿಂದ ಎರಡೂ ಬಲೆಗಳನ್ನು ಮೇಲಿನ ಮಡುವಿನಲ್ಲೇ ಹಾಕಿಸಿದೆ.

"ಯಾಕ್ರೀ ಅಕ್ಕೋರ, ತೆಳಗ ಹಾಕೂದು ಬ್ಯಾಡೇನ್ರಿ?" ಎಂದಿರಿ.

"ಎಲ್ಲಾ ಒಂದ ಹೊಳಿ ನೀರಲ್ಲೇನ್ರಿ," ಎಂದೆ. ನಿಮ್ಮ ಮುಖ ನೋಡಲಿಲ್ಲ.

ಹೊಳೆಯ ದೂರು ವಿಚಾರಿಸಲು ಸರ್ಕಾರದವರು ಕರೆದ ಆ ಸಭೆಯಲ್ಲಿ, ಮೀನು ಕಡಿಮೆಯಾಗಿಲ್ಲ ಎಂದು ನಾನು ಹೇಳಿದಾಗ ಹೆಂಗಸರ ನಡುವಿನಿಂದ ನೀವು ಎದ್ದಿರಿ. "ಮೊದಲನೇ ಸಲ ಬಿಟ್ರ ಅಕ್ಕೋರು ತೆಳಗ ಬಲಿ ಹಾಕಿಸೇ ಇಲ್ಲರಿ. ತೆಪ್ಪ ನಡಿಸಿದಾಕಿ ನಾನ. ಅಲ್ಲಿ ಮೀನ ಉಳದಿಲ್ರಿ."

ಅಧಿಕಾರಿ ನನ್ನತ್ತ ತಿರುಗಿದರು. "ಖರೇ ಏನವಾ?"

"ಇಲ್ರಿ. ಪರಿಹಾರ ಸಿಗ್ತೈತಿ ಅಂತ ಹಂಗ ಹೇಳಾಕತ್ತಾರ."

ಯಾರೋ ನಕ್ಕರು. ನೀವು ನನ್ನನ್ನೇ ನೋಡುತ್ತ ಮೆಲ್ಲಗೆ ಕುಳಿತಿರಿ. ಆ ನೋಟದಲ್ಲಿ ಸಿಟ್ಟಾದರೂ ಇದ್ದಿದ್ದರೆ —

ಹೊಳೆಯ ತಪಾಸಣೆ ಅಲ್ಲಿಗೇ ನಿಂತಿತು. ಅಪ್ಪ ನಿವೃತ್ತರಾದರು, ಕೆಲವು ವರ್ಷಗಳ ನಂತರ ತೀರಿಕೊಂಡರು. ಹೋದ ವಾರ ರಾಣೆಬೆನ್ನೂರಿನ ಸಂತೆಯಲ್ಲಿ ನಿಮ್ಮನ್ನು ಕಂಡೆ. ಕಾರವಾರದಿಂದ ಬಂದ ಬಂಗಡೆಯನ್ನು ಮಂಜುಗಡ್ಡೆಯ ಮೇಲಿಟ್ಟು ಮಾರುತ್ತಿದ್ದಿರಿ — ಹೊಳೆದಂಡೆಯಲ್ಲೇ ಹುಟ್ಟಿ ಬೆಳೆದ ನೀವು. "ಬರ್ರಿ ಅಕ್ಕೋರ, ಕುಂದ್ರಿ," ಎಂದಿರಿ. ಗುರುತು ಹಿಡಿದೇ ಕರೆದಿರಿ. ಬಸ್ಸಿಗೆ ಹೊತ್ತಾಯಿತೆಂದು ನೆಪ ಹೇಳಿ ಓಡಿಬಂದೆ. ಅಂದಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಅಡಿಗೆಮನೆಗೆ ಹೋಗುತ್ತೇನೆ, ಯಾಕೆ ಬಂದೆನೆಂದು ಮರೆತು ಹೊರಗೆ ಬರುತ್ತೇನೆ.

ಅಪ್ಪನ ಹೆಸರು ಹೇಳಿ ತಪ್ಪಿಸಿಕೊಳ್ಳಲಾರೆ. ಮುಂದಿನ ಸಂತೆಗೆ ಬರುತ್ತೇನೆ, ನೀಲಕ್ಕ. ನಿಮ್ಮೊಬ್ಬರ ಕಿವಿಯಲ್ಲಲ್ಲ, ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳುತ್ತೇನೆ. ಆಮೇಲೆ ನೀವು ಏನೆನ್ನುತ್ತೀರೋ — ಅದನ್ನು ಪೂರ್ತಿ ಕೇಳದೆ ಅಲ್ಲಿಂದ ಕದಲುವುದಿಲ್ಲ.