ಎರಡು ಪಂಕ್ತಿಯ ಊಟ

ಅವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹುಡುಗರಾಗಿದ್ದಾಗ ಗಾಜಾದ ಗ್ಯಾರೇಜೊಂದರಲ್ಲಿ ಜಾಕ್ ಜಾರಿ ಜಜ್ಜಿಹೋಗಿತ್ತಂತೆ. ಆ ಬೋಳು ಹೆಬ್ಬೆರಳಿನಲ್ಲಿ ಸೌತೆಕಾಯಿ ಒತ್ತಿ ಹಿಡಿದು, ಜೇಬಿನ ಚಾಕುವಿನಿಂದ ಉದ್ದಕ್ಕೆ ಸೀಳಿ, ಉಪ್ಪು ಸವರಿ, ಅರ್ಧವನ್ನು ಎದುರಿಗೆ ಕೂತ ಗೆಳೆಯರೊಬ್ಬರ ಕಡೆ ತಳ್ಳುತ್ತಿದ್ದರು. ಅಮೆರಿಕದ ಆಬರ್ನ್ ಹಿಲ್ಸ್‌ನಲ್ಲಿದ್ದ ನಮ್ಮ ಕಾರು ಕಂಪನಿಯ ಆಫೀಸಿನಲ್ಲಿ ವರ್ಷಗಟ್ಟಲೆ ಮಧ್ಯಾಹ್ನದ ಊಟ ಶುರುವಾಗುತ್ತಿದ್ದದ್ದೇ ಹೀಗೆ.

ಅವರು ನನ್ನ ಬಾಸ್. ಬ್ರೇಕ್ ವಿಭಾಗದಲ್ಲಿ ಕೈಹಿಡಿದು ಕೆಲಸ ಕಲಿಸಿದವರು. ನಾನು ಲೆಕ್ಕ ತಪ್ಪಿದಾಗ ಪಕ್ಕದ ಕುರ್ಚಿ ಎಳೆದು, "ಮೊದಲು ಕೂತುಕೋ, ಜಗಳ ಆಮೇಲೆ" ಎನ್ನುತ್ತಿದ್ದರು. ಕೂತ ಮೇಲೆ ಜಗಳ ಬರುತ್ತಲೇ ಇರಲಿಲ್ಲ. ಆ ಗೆಳೆಯರು ಟೆಸ್ಟ್ ಲ್ಯಾಬಿನವರು, ಯಹೂದಿ. ಅವರ ತಂಗಿ ಇಸ್ರೇಲಿನ ಗಡಿ ಊರಿನಲ್ಲಿದ್ದರು. ಬಾಸ್‌ನ ಅಕ್ಕ ಗಾಜಾದಲ್ಲಿ. ಆ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಆಗಲೇ ಅಮೆರಿಕದ ಮಾಜಿ ಅಧ್ಯಕ್ಷರೊಬ್ಬರು, ಸರ್ಕಾರ ಬೇಡವೆಂದರೂ ಕೇಳದೆ, ಗಾಜಾವನ್ನು ಆಳುತ್ತಿದ್ದ ಗುಂಪಿನ ಮುಖಂಡರನ್ನು ತಾವಾಗಿಯೇ ಹೋಗಿ ಕಂಡು ಮಾತಾಡಿದರು. ಊಟದ ಕೋಣೆಯ ಟಿವಿಯಲ್ಲಿ ಅದೇ ಸುದ್ದಿ.

"ಹೋಗಿ ಕೂತರಲ್ಲ, ಅದು ದೊಡ್ಡದು" ಎಂದರು ಬಾಸ್.

"ಆ ಗುಂಪಿನ ರಾಕೆಟ್ ಬೀಳುವುದು ನನ್ನ ತಂಗಿಯ ಮನೆ ಹತ್ತಿರ" ಎಂದರು ಗೆಳೆಯರು.

"ಬಾಂಬು ಬೀಳುವುದು ನನ್ನ ಅಕ್ಕನ ಮನೆ ಹತ್ತಿರ."

ಗೆಳೆಯರು ತಟ್ಟೆ ಎತ್ತಿಕೊಂಡು ಎದ್ದುಹೋದರು. ಅರ್ಧ ಸೌತೆಕಾಯಿ ಮೇಜಿನ ಮೇಲೆ ಉಳಿಯಿತು. ಮರುದಿನದಿಂದ ಇಬ್ಬರ ಮೇಜೂ ಬೇರೆಯಾಯಿತು.

ಅದೇ ಬೇಸಿಗೆಯಲ್ಲಿ ಹತ್ತಿರದ ನೋವೈ ಊರಿನಲ್ಲಿ ನಮ್ಮ ಗೃಹಪ್ರವೇಶ. "ಅವನನ್ನೂ ಕರೆದಿದ್ದೀಯಾ?" ಎಂದು ಬಾಸ್ ಎರಡು ಸಲ ಕೇಳಿದರು. ಕರೆದಿದ್ದೇನೆ ಎಂದೆ. ಕರೆದದ್ದು ನಿಜ, ಆದರೆ ಸಂಜೆಗೆ. ಮಾತು ಬಿಟ್ಟ ನೆಂಟರಲ್ಲಿ ಒಬ್ಬರನ್ನು ಮುಹೂರ್ತಕ್ಕೆ, ಇನ್ನೊಬ್ಬರನ್ನು ರಿಸೆಪ್ಷನ್‌ಗೆ ಕರೆಯುವ ಜಾಣತನ ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ.

"ಒಟ್ಟಿಗೇ ಕರೀರಿ. ಊಟಕ್ಕೆ ಕೂತೋರು ಹೊಡೆದಾಡ್ತಾರಾ?" ಎಂದಳು ಹೆಂಡತಿ.

"ಶುಭಕಾರ್ಯದ ದಿನ ರಿಸ್ಕ್ ಬೇಡ ಕಣೇ" ಎಂದೆ.

ಬಾಸ್ ಮಧ್ಯಾಹ್ನದ ಪಂಕ್ತಿಗೆ ಬಂದರು. ಪಕ್ಕದ ಕುರ್ಚಿಯ ಮೇಲೆ ಕೋಟು ಹಾಕಿ, ಯಾರು ಬಂದರೂ ಬಿಟ್ಟುಕೊಡಲಿಲ್ಲ. ಪಾಯಸ ಬಂದಾಗ, "ಅವನೆಲ್ಲಿ?" ಎಂದರು. ಅವರಿಗೇನೋ ಕೆಲಸವಂತೆ ಎಂದುಬಿಟ್ಟೆ. ಅವರು ಕೋಟಿನ ಜೇಬಿನಿಂದ ಒಂದು ಸೌತೆಕಾಯಿ ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೊರಟರು. ಮನೆಗೆ ತಂದುಕೊಟ್ಟದ್ದೆಂದುಕೊಂಡ ಹೆಂಡತಿ ಅದನ್ನು ಕೊಚ್ಚಿ ಸಂಜೆಯ ಕೋಸಂಬರಿಗೆ ಹಾಕಿದಳು.

ಸಂಜೆ ಗೆಳೆಯರು ಬಂದು ಹಾಲ್ ಪೂರ್ತಿ ಕಣ್ಣಾಡಿಸಿದರು. "ಅವನು ಬರಲಿಲ್ಲವಾ?"

"ಬೇಗ ಬಂದು ಹೋದರು."

"ನಾನು ಬರುವುದು ಗೊತ್ತಿತ್ತಾ ಅವನಿಗೆ?"

ಕೇಳಿಸದವನಂತೆ ಕೋಸಂಬರಿ ಬಡಿಸಿದೆ. ಚೆನ್ನಾಗಿದೆ ಎಂದು ಇನ್ನೊಮ್ಮೆ ಹಾಕಿಸಿಕೊಂಡರು.

ಆ ಚಳಿಗಾಲದಲ್ಲೇ ಬಾಸ್‌ಗೆ ಹೃದಯಾಘಾತವಾಯಿತು. ಗೆಳೆಯ ಬೇಕೆಂದೇ ಬರಲಿಲ್ಲ ಎಂದುಕೊಂಡೇ ಅವರು ಹೋದರು. ಮಣ್ಣು ಮಾಡಿದ ದಿನ ಸ್ಮಶಾನದ ಪಾರ್ಕಿಂಗಿನಲ್ಲಿ ಗೆಳೆಯರು ನನ್ನ ತೋಳು ಹಿಡಿದು, "ಅವತ್ತು ನನ್ನ ಮುಖ ನೋಡಬಾರದೆಂದೇ ಬೇಗ ಹೋದನಾ?" ಎಂದರು. ಆಗಲಾದರೂ ಹೇಳಬಹುದಿತ್ತು. ಗೊತ್ತಿಲ್ಲ ಎಂದೆ.

ಎಷ್ಟೋ ವರ್ಷಗಳ ನಂತರ ಆ ಮಾಜಿ ಅಧ್ಯಕ್ಷರು ತೀರಿಕೊಂಡಾಗ ಟಿವಿಯಲ್ಲಿ ಹಳೆಯ ಭೇಟಿಯ ಚಿತ್ರ ತೋರಿಸಿದರು. ಹೋದದ್ದು ಸರಿಯೋ ತಪ್ಪೋ ಎಂಬ ವಾದ ಇನ್ನೂ ಮುಗಿದಿಲ್ಲ. ನನಗೆ ಕಂಡದ್ದು ಕೋಟು ಹಾಕಿದ ಆ ಕುರ್ಚಿ.

"ಆ ಅಂಕಲ್‌ಗೆ ಈಗ್ಲಾದ್ರೂ ನಿಜ ಹೇಳ್ಬಾರ್ದೇನ್ರೀ?" ಎಂದಳು ಹೆಂಡತಿ.

ಗೆಳೆಯರ ಮನೆ ನಮ್ಮಿಂದ ನಾಲ್ಕು ಮೈಲಿ. ಸೌತೆಕಾಯಿ ಹಿಡಿದುಕೊಂಡು ಎರಡು ಸಲ ಬಾಗಿಲವರೆಗೂ ಹೋಗಿದ್ದೇನೆ. ಎರಡು ಸಲವೂ ಬೆಲ್ ಒತ್ತದೆ ವಾಪಸು ಬಂದಿದ್ದೇನೆ.